ಹೊಸ ವಿಂಡೋಸ್ ಹಾಕಸ್ಲೇನ್ರಿ?

ಹಾಕಿಸಿ. ವಿಂಡೋಸ್ 11 ತಡೆಯುವಂಥ ಮಷಿನ್ ಇದ್ದರೆ, ಅದರಲ್ಲಿ ನೆಟ್ ಬಳಸುತ್ತಿದ್ದರೆ, ಹಾಕಿಸಿ. ತಡೆಯದಿದ್ದರೆ ಅದೊಂದೇ ಕಾರಣಕ್ಕೆ ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ತರಬೇಡಿ. ಉತ್ತರ ಇಷ್ಟೇ. ಗಂಗಾವತಿಯಲ್ಲಿ ಕಂಪ್ಯೂಟರ್ ರಿಪೇರಿ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನನಗೆ ಈ ಪ್ರಶ್ನೆ ಅಂಗಡಿಯಲ್ಲೂ ಬರುತ್ತದೆ, ಬಸ್ ಸ್ಟ್ಯಾಂಡಿನಲ್ಲೂ ಬರುತ್ತದೆ, ಮದುವೆಯಲ್ಲಿ ಊಟಕ್ಕೆ ಕೂತಾಗಲೂ ಬರುತ್ತದೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಕೊನೆಗೆ “ಅದೆಲ್ಲಾ ಖರೇರಿ, ಹಾಕಿದ್ರ ಸ್ಪೀಡ್ ಆಗ್ತೈತೇನ್ರಿ?” ಅನ್ನುತ್ತಾರೆ. ಅದಕ್ಕೇ ಒಂದು ಸಲ ಬರೆದು ಇಡುತ್ತಿದ್ದೇನೆ.

ಸ್ಪೀಡ್ ಆಗುವುದಿಲ್ಲ. ಹಳೆಯ ಮಷಿನ್‌ಗೆ ವಿಂಡೋಸ್ 11 ಹಾಕಿದರೆ ಇನ್ನಷ್ಟು ನಿಧಾನವಾಗುವುದೇ ಹೆಚ್ಚು. 4 ಜಿಬಿ ರ್‍ಯಾಮ್ ಇದ್ದರೆ ಸಾಕು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅಷ್ಟರಲ್ಲಿ ವಿಂಡೋಸ್ ತೆರೆದುಕೊಳ್ಳುತ್ತದೆ ನಿಜ, ಅದರ ಮೇಲೆ ಕ್ರೋಮ್ ಬ್ರೌಸರ್ ಮತ್ತು ಲೆಕ್ಕಪತ್ರದ ಟ್ಯಾಲಿ ಎರಡನ್ನೂ ತೆರೆದು ಕೆಲಸ ಮಾಡುವವರಿಗೆ ಸಾಲದು. ವೇಗ ಬೇಕಿದ್ದರೆ ಹಾರ್ಡ್‌ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿಸಿ, ಒಳಗಿನ ಧೂಳು ತೆಗೆಸಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ರೈಸ್‌ಮಿಲ್ ಆಫೀಸಿನ ಸಿಪಿಯು ಬಿಚ್ಚಿದರೆ ಹೀಟ್‌ಸಿಂಕ್ ಕಾಣುವುದಿಲ್ಲ, ತೌಡಿನ ಪದರ ಕಾಣುತ್ತದೆ. ಗಾಳಿಯಾಡದೆ ಕಾವೇರಿದಾಗ ಪ್ರೊಸೆಸರ್ ಸುಟ್ಟುಹೋಗದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆ ಮಷಿನ್‌ಗೆ ಬೇಕಾದದ್ದು ಬ್ಲೋವರ್ ಮತ್ತು ಹೊಸ ಥರ್ಮಲ್ ಪೇಸ್ಟ್.

ಹಾಗಾದರೆ ಯಾಕೆ ಹಾಕಿಸಬೇಕು? ಭದ್ರತೆಗೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಅವತ್ತು ಕಂಪ್ಯೂಟರ್ ಬಂದ್ ಆಗುತ್ತದೆ ಎಂದು ಹೆದರಿಕೊಂಡು ಬಂದವರಿದ್ದರು. ಬಂದ್ ಆಗುವುದಿಲ್ಲ. ನಿಂತದ್ದು ತಿಂಗಳಿಗೊಮ್ಮೆ ಬರುತ್ತಿದ್ದ ಭದ್ರತಾ ಅಪ್‌ಡೇಟ್. ಅದು ಎಷ್ಟು ದೊಡ್ಡ ಮಾತು ಅನ್ನುವುದಕ್ಕೆ 2017ರ ಮೇ ತಿಂಗಳ ವನ್ನಾಕ್ರೈ ದಾಳಿ ನೆನಪಿಸಿಕೊಳ್ಳಿ. ದೇಶದೇಶಗಳ ಕಂಪ್ಯೂಟರ್‌ಗಳಿಗೆ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ, ಬಿಡಿಸಲು ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಸಿಕ್ಕಿಕೊಂಡವು. ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಂಡಿದ್ದವರಿಗೆ ಆ ದಾರಿಯಿಂದ ಅದು ಬರಲಿಲ್ಲ. ಊರ ಜನರ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುವ ಸೇವಾ ಕೇಂದ್ರದವರು, ಜಿಎಸ್‌ಟಿ ತುಂಬುವವರು, ಬ್ಯಾಂಕ್ ವ್ಯವಹಾರ ಮಾಡುವವರು ಇದನ್ನು ಮುಂದೂಡಬಾರದು. ಆ ಕಾಗದಗಳು ನಿಮ್ಮವಲ್ಲ, ನಿಮ್ಮನ್ನು ನಂಬಿ ಕೊಟ್ಟವರವು.

ಮಷಿನ್ ತಡೆಯುತ್ತದೋ ಇಲ್ಲವೋ ನೋಡಲು ಮೈಕ್ರೋಸಾಫ್ಟ್‌ನದೇ ‘ಪಿಸಿ ಹೆಲ್ತ್ ಚೆಕ್’ ಇದೆ. ಸಾಮಾನ್ಯವಾಗಿ ಇಂಟೆಲ್ 8ನೇ ಪೀಳಿಗೆ ಅಥವಾ ಎಎಂಡಿ ರೈಜನ್ 2000 ಸರಣಿ, ಇಲ್ಲವೇ ಅವುಗಳ ನಂತರದ ಪ್ರೊಸೆಸರ್ ಬೇಕು, ಸೆಕ್ಯೂರ್ ಬೂಟ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಟಿಪಿಎಂ ಇಲ್ಲ ಎಂದು ತೋರಿಸಿದ ಕೂಡಲೇ ಕೈಬಿಡಬೇಡಿ. ಬಹಳ ಬೋರ್ಡ್‌ಗಳಲ್ಲಿ ಅದು ಇರುತ್ತದೆ, ಬೋರ್ಡಿನದೇ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಅಸಲಿ ವಿಂಡೋಸ್ 10 ಇದ್ದವರಿಗೆ 11 ಪುಕ್ಕಟೆ. ತಡೆಯದ ಮಷಿನ್‌ಗೆ ತಪಾಸಣೆ ತಪ್ಪಿಸಿ ಹಾಕುವ ದಾರಿಗಳಿವೆ, ನಾನು ಹಾಕಿಕೊಡುವುದಿಲ್ಲ. ಹಾಗೆ ಹಾಕಿದ್ದಕ್ಕೆ ಮುಂದೆ ಅಪ್‌ಡೇಟ್ ಬರುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಪ್‌ಡೇಟ್‌ಗಾಗಿಯೇ ಬದಲಾಯಿಸುವುದಾದರೆ, ಅದೇ ಖಾತ್ರಿಯಿಲ್ಲದ ಮೇಲೆ ನಿಮ್ಮ ದುಡ್ಡು ನಾನು ಯಾಕೆ ತೆಗೆದುಕೊಳ್ಳಲಿ? ಅಂಥವರು ವಿಂಡೋಸ್ 10ಕ್ಕೇ ಇರುವ ಹೆಚ್ಚುವರಿ ಭದ್ರತಾ ಯೋಜನೆಗೆ ಹೆಸರು ಹಚ್ಚಿ. 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಬರುತ್ತವೆ, ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಇಟ್ಟವರಿಗೆ ಶುಲ್ಕವಿಲ್ಲ. ಓದುವ ಮಕ್ಕಳ ಹಳೆ ಲ್ಯಾಪ್‌ಟಾಪ್ ಆದರೆ ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್ ಮಿಂಟ್ ಚೆನ್ನಾಗಿ ನಡೆಯುತ್ತದೆ. ಟ್ಯಾಲಿ ಬೇಕಾದವರಿಗೆ ಅದು ಆಗಿಬರುವುದಿಲ್ಲ.

ಮಿಲ್ಲಿನಲ್ಲಿ ಲಾರಿ ತೂಗುವ ವೇ ಬ್ರಿಡ್ಜ್ ಕಂಪ್ಯೂಟರನ್ನಂತೂ ಮುಟ್ಟಬೇಡಿ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಡಾಸ್ ಕಾಲದ ತೂಕದ ಸಾಫ್ಟ್‌ವೇರ್ ಅದರಲ್ಲಿ ನೇರವಾಗಿ ಓಡುವುದಿಲ್ಲ. ಭತ್ತದ ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಾಗ ಅದನ್ನು ಕಂಡುಕೊಳ್ಳುವುದು ಬೇಡ. ನೆಟ್ ಕೊಡದೆ, ಯಾರ ಪೆನ್‌ಡ್ರೈವೂ ಹಾಕದೆ ಅದನ್ನು ಅದರ ಪಾಡಿಗೆ ಬಿಡಿ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ವಿಂಡೋಸ್ 11ರ 2024ರ ಆವೃತ್ತಿಯಿಂದ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಬಹುತೇಕ ಮಷಿನ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ. ಬೋರ್ಡ್ ಕೆಟ್ಟು ಡಿಸ್ಕ್ ಬೇರೆ ಕಡೆ ಹಾಕಬೇಕಾದಾಗ 48 ಅಂಕಿಯ ಕೀ ಕೇಳುತ್ತದೆ. ಆ ಕೀ ಇರುವುದು ಆ ಖಾತೆಯಲ್ಲಿ. ಗಿರಾಕಿಗೆ ಇಮೇಲ್ ನೆನಪಿಲ್ಲ ಎಂದು ಅಂಗಡಿಯವರು ತಮ್ಮ ಇಮೇಲ್ ಹಾಕಿ ಮುಗಿಸಿಬಿಟ್ಟರೆ ನಿಮ್ಮ ಕೀ ಬೇರೆಯವರ ಕೈಯಲ್ಲಿ ಉಳಿಯಿತು. ಯಾರ ಹತ್ತಿರ ಹಾಕಿಸಿದರೂ ಖಾತೆ ನಿಮ್ಮದೇ ಇರಲಿ, ಕೀ ಕಾಗದದ ಮೇಲೆ ಬರೆದು ಮನೆಯಲ್ಲಿ ಇಡಿ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರ ಹಿಂದೆ ಬರುವ ಮಾತಿಗೆ. “ಒಳಗ ಏನೂ ಇಲ್ರಿ, ಫುಲ್ ಫಾರ್ಮ್ಯಾಟ್ ಹೊಡದ್ ಬಿಡ್ರಿ.” ಒಳಗೆ ಏನಾದರೂ ಇದ್ದೇ ಇರುತ್ತದೆ. ಅದು ಇನ್ನೊಂದು ಹತ್ತು ವರ್ಷ ತೆರೆದುಕೊಳ್ಳುತ್ತದೆಯೇ ಎಂದು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತೇನೆ. ಕನ್ನಡದಲ್ಲಿ ಬರೆದಿಟ್ಟುಕೊಂಡವರಂತೂ ಕೇಳಲೇಬೇಕು.

ಕುಕನೂರು ಕಡೆಯ ನಿವೃತ್ತ ಮಾಸ್ತರರೊಬ್ಬರು ವರ್ಷಾನುಗಟ್ಟಲೆ ಹಳ್ಳಿ ತಿರುಗಿ ಹಾಡು ಬರೆದುಕೊಂಡವರು. ಬೀಸುವ ಪದ, ಸೋಬಾನೆ, ಮೊಹರಮ್ಮಿನ ಅಲಾಯಿ ಪದ, ಎಲ್ಲ. ರಿಟೈರ್ ಆದ ಮೇಲೆ ಟೈಪಿಂಗ್ ಕಲಿತು ಅವನ್ನೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ತಾವೇ ಹೊಡೆದಿದ್ದರು. ರಜೆಗೆ ಬಂದ ಮೊಮ್ಮಗ ಅಜ್ಜನ ಮೇಲಿನ ಪ್ರೀತಿಗೆ ಲ್ಯಾಪ್‌ಟಾಪ್ ಪೂರ್ತಿ ಅಳಿಸಿ ವಿಂಡೋಸ್ 11 ಹಾಕಿದ. ಫೈಲ್‌ಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು ಜೋಪಾನವಾಗಿ ವಾಪಸು ಹಾಕಿದ. ಅಜ್ಜ ತೆರೆದು ನೋಡಿದರೆ ಪುಟದ ತುಂಬ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ. ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಸ್ ಹತ್ತಿ ನನ್ನ ಅಂಗಡಿಗೆ ಬಂದರು.

“ತಮ್ಮಾ, ಹಾಡಿದ ಮುದುಕ್ಯಾರು ಎಲ್ಲಾರೂ ಹೋಗ್ಯಾರ. ಈಗ ಯಾರ್ನ ಕೇಳಿ ಮತ್ತ ಬರೀಲಿ?”

“ಎಲ್ಲೂ ಹೋಗಿಲ್ರಿ ಮಾಸ್ತರ್ರ, ಅದಾವ, ಕುಂದರ್ರಿ” ಅಂದೆ. ಹಳೆಯ ನುಡಿ ಫಾಂಟಿನ ಕಡತದ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಅಳಿಸಿ ಹಾಕಿದಾಗ ಫಾಂಟ್ ಹೋಗಿತ್ತು, ಅಷ್ಟೇ. ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದ್ದರೆ ಅದೂ ಉಳಿಯುತ್ತಿತ್ತು. ನುಡಿ ಹಾಕಿ ಅದೇ ಫೈಲ್ ತೆರೆದೆ. ಮಾಸ್ತರರು ಪರದೆಗೆ ಮುಖ ತಂದು ಮೊದಲ ಪದ ಓದಿದರು. ಓದುತ್ತ ಓದುತ್ತ ರಾಗಕ್ಕೆ ಹೊರಳಿ ಹಾಡೇಬಿಟ್ಟರು. ಝೆರಾಕ್ಸ್ ಮಾಡಿಸಲು ನಿಂತವರು ಸುಮ್ಮನೆ ಕೇಳಿದರು.

ಅಲ್ಲಿಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಫಾಂಟ್ ಇಲ್ಲದ ಕಡೆ ಮತ್ತೆ ಅದೇ ಪಾಡು. ವಾಟ್ಸಾಪ್‌ನಲ್ಲಿ ಕಳಿಸಿದರೆ ಮೊಬೈಲ್‌ನಲ್ಲಿ ಓದಲಾಗುವುದಿಲ್ಲ, ಕನ್ನಡ ಅಕ್ಷರಕ್ಕೇ ಬೇರೆ ಸಂಕೇತವಿರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸೋಣ ಎಂದೆ. ಪರಿವರ್ತಕಕ್ಕೆ ಹಾಕಿದರೆ ಕ್ಷಣದಲ್ಲಿ ಆಗುತ್ತದೆ, ತಿದ್ದುವುದಕ್ಕೆ ಸಮಯ ಹಿಡಿಯುತ್ತದೆ. ನಡುವೆ ಬರೆದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಬರುತ್ತವೆ, ಏಕೆಂದರೆ ಎರಡಕ್ಕೂ ಸಂಕೇತ ಒಂದೇ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ. ಮಾಸ್ತರರು ಹಳೆಯ ನೋಟ್‌ಬುಕ್ ತಂದು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪದ ನೋಡಿ ತಿದ್ದಿಸಿದರು. ಮುಗಿದ ಮೇಲೆ ‘ಹುಸೇನ’ ಎಂದು ಹುಡುಕಿದಾಗ ಆ ಹೆಸರು ಬರುವ ಅಲಾಯಿ ಪದಗಳೆಲ್ಲ ಸಾಲಾಗಿ ಬಂದವು. ತಮ್ಮದೇ ಸಂಗ್ರಹವನ್ನು ಅವರು ಹಾಗೆ ನೋಡಿದ್ದು ಅದೇ ಮೊದಲು.

ನಮ್ಮ ಜಿಲ್ಲೆಗಳ ಡಿಟಿಪಿ ಅಂಗಡಿಗಳಲ್ಲಿ, ಶಾಲೆಗಳಲ್ಲಿ, ಮಠಗಳಲ್ಲಿ ಇಂಥ ಕಡತಗಳು ರಾಶಿ ಇವೆ. ಕೈ ಹೊಸದಾಗಿ ಕಲಿಯಬೇಕಿಲ್ಲ. ನುಡಿಯಲ್ಲಿ ಬಳಸುವ, ಕೆ.ಪಿ. ರಾವ್ ಅವರ ಅದೇ ಕೀಲಿಮಣೆ ವಿನ್ಯಾಸದಲ್ಲಿ ಯೂನಿಕೋಡ್ ಹೊಡೆಯಬಹುದು. ಲಿನಕ್ಸ್‌ನಲ್ಲಿ ಅದು ‘ಕಗಪ’ ಹೆಸರಿನಲ್ಲಿ ಮೊದಲೇ ಇದೆ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್‌ನಲ್ಲೇ ಕನ್ನಡ ಫೊನೆಟಿಕ್ ಕೀಲಿಮಣೆ ಇದೆ. ತೋರಿಸಲು ನಿರ್ಮಲಾ ಯುಐ ಫಾಂಟ್ ಜೊತೆಗೇ ಬರುತ್ತದೆ. ಎಕ್ಸ್‌ಪಿ ಕಾಲದ ತುಂಗಾ ಬೇಕೆನ್ನುವವರು ‘ಆಪ್ಷನಲ್ ಫೀಚರ್ಸ್’ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್ ಸೇರಿಸಿಕೊಳ್ಳಬೇಕು.

ವಿಂಡೋಸ್ ಹಾಕಿಸಲು ಬರುವವರು ಮಷಿನ್ ಕೊಟ್ಟು ಹೋಗಬೇಡಿ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಟ್ಯಾಲಿ ಡೇಟಾ, ನುಡಿ ಫೈಲ್ ಎಲ್ಲೆಲ್ಲಿವೆ ತೋರಿಸಿ. ಎಲ್ಲದರ ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗಿ, ಅದನ್ನು ನೀವೇ ತೆರೆದು ನೋಡಿದ ಮೇಲೆ ಅಳಿಸುತ್ತೇನೆ. ನುಡಿ ಕಡತಗಳ ಪರಿವರ್ತನೆಗೆ ಬೇರೆ ದಿನ ಗೊತ್ತುಮಾಡೋಣ. ಅವತ್ತು ಮೂಲ ಬರೆದವರೇ ಬರಬೇಕು, ಕೈಬರಹದ ಪ್ರತಿ ಇದ್ದರೆ ತರಬೇಕು.