ಕೈ ಚಾಚು ಬಾಳಾ

ಡಿಸೆಂಬರ್ 3ಕ್ಕೆ ಚಂದಾವರದ ಚರ್ಚಿಗೆ ಹೋಗಿ ಬಂದೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ. ಕುಮಟಾ, ಹೊನ್ನಾವರದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಯಾವ ಜಾತಿ, ಯಾವ ಧರ್ಮ ಅಂತ ಇಲ್ಲ, ಎಲ್ಲರ ಕೈಯಲ್ಲೂ ಮೇಣದಬತ್ತಿ.

ಪ್ರತಿ ವರ್ಷ ನಾನು ತಯಾರಿ ಮಾಡಿಕೊಂಡೇ ಹೋಗುವವಳು. ಮೊದಲು ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ. ದಿನಕ್ಕೊಂದು ಜಪಮಾಲೆ, ಒಂದೇ ಹೊತ್ತು ಊಟ. ಹಬ್ಬದ ದಿನ ಕುಮಟಾದಿಂದ ಬರಿಗಾಲಲ್ಲಿ ನಡಿಗೆ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಪೀಠದ ಮುಂದೆ ನಿಂತಾಗ ಆ ಲೆಕ್ಕ ಮನಸ್ಸಿನಲ್ಲಿ ಇರುತ್ತಿತ್ತು. ಇಷ್ಟು ಮಾಡಿದ್ದೇನೆ ಸ್ವಾಮಿ, ಇನ್ನು ನೀವು ನೋಡಿಕೊಳ್ಳಿ ಅನ್ನುವ ಧೈರ್ಯ.

ಈ ಸಲ ನೊವೆನಾದ ನಾಲ್ಕನೇ ದಿನವೇ ಜ್ವರ ಹಿಡಿಯಿತು. ಜಪಮಾಲೆ ಅರ್ಧಕ್ಕೆ ಬರುವಾಗ ನಿದ್ದೆ. ಉಪವಾಸವನ್ನಂತೂ ಕೇಳಬೇಡಿ, ಮಾತ್ರೆ ನುಂಗಲು ಗಂಜಿ ಕುಡಿಯಲೇಬೇಕಿತ್ತು. ಕೊನೆಗೆ ಟೆಂಪೋ ಹತ್ತಿ ಹೋದೆ. ಸಾಲಿನಲ್ಲಿ ನನ್ನ ಮುಂದಿದ್ದ ಹುಡುಗನ ಬರಿಗಾಲು ಕೆಂಪು ಧೂಳಾಗಿತ್ತು. ನನ್ನ ಕಾಲಲ್ಲಿ ಚಪ್ಪಲಿ. ತಲೆ ತಗ್ಗಿಸಿ ನಿಂತೆ. ಬತ್ತಿ ಕರಗಿ ಮೇಣ ಹೆಬ್ಬೆರಳ ಮೇಲೆ ಬಿದ್ದದ್ದೂ ಗೊತ್ತಾಗಲಿಲ್ಲ.

ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಕೊಡುವ ರೊಟ್ಟಿಯೇ ಪರಮಪ್ರಸಾದ. ಅದನ್ನು ತೆಗೆದುಕೊಳ್ಳುವ ಮೊದಲು ನಾವೆಲ್ಲ ಹೇಳುವ ಮಾತು ಇದೆಯಲ್ಲ, ಪ್ರಭುವೇ, ನೀವು ಬರಲು ನಾನು ಯೋಗ್ಯಳಲ್ಲ, ಒಂದು ಮಾತು ಹೇಳಿದರೆ ಸಾಕು ಅಂತ. ಸಣ್ಣವಳಿದ್ದಾಗಿನಿಂದ ಬಾಯಿಪಾಠ. ಅದು ಬೈಬಲಿನಲ್ಲಿ ಕಫೆರ್ನೌಮ್ ಎಂಬ ಊರಿನ ಶತಾಧಿಪತಿ, ಅಂದರೆ ನೂರು ಸೈನಿಕರ ಮೇಲಿನ ಅಧಿಕಾರಿ, ಆಡಿದ ಮಾತು. ಲೂಕನ ಶುಭಸಂದೇಶದಲ್ಲಿ ಊರ ಹಿರಿಯರು ಅವನ ಪರವಾಗಿ ಯೇಸುವಿನ ಹತ್ತಿರ ಬರುತ್ತಾರೆ. ಇವನು ಯೋಗ್ಯ, ನಮಗೆ ಪ್ರಾರ್ಥನಾಮಂದಿರ ಕಟ್ಟಿಸಿಕೊಟ್ಟಿದ್ದಾನೆ ಅಂತ ಶಿಫಾರಸು ಮಾಡುತ್ತಾರೆ. ಅವನು ಮಾತ್ರ ಆ ಮಂದಿರದ ಸುದ್ದಿಯನ್ನೇ ಎತ್ತುವುದಿಲ್ಲ. ನಾನು ಯೋಗ್ಯನಲ್ಲ ಅಂತ ಹೇಳಿ ಕಳಿಸುತ್ತಾನೆ. ಇಷ್ಟು ವರ್ಷ ಆ ಮಾತು ಬಾಯಲ್ಲಿ ಹೇಳುತ್ತಾ, ಮನಸ್ಸಿನಲ್ಲಿ ಆ ಹಿರಿಯರ ಹಾಗೆ ನನ್ನದೇ ಶಿಫಾರಸು ಮಾಡಿಕೊಂಡವಳು ನಾನು.

ಆಗ ಅಜ್ಜಿಯ ಕೈ ನೆನಪಾಯಿತು.

ಅಜ್ಜಿ ಅಘನಾಶಿನಿ ಹೊಳೆಯಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಹೆಕ್ಕುತ್ತಿದ್ದಳು. ನೀರು ಇಳಿದ ಹೊತ್ತಿಗೆ ಹೆಂಗಸರೆಲ್ಲ ಬುಟ್ಟಿ ಹಿಡಿದು ಕೆಸರಿಗೆ ಇಳಿಯುತ್ತಿದ್ದರು. ನನಗೆ ಏಳೋ ಎಂಟೋ ವರ್ಷ. ದೂರ ನಿಲ್ಲು ಅಂದರೂ ಕೇಳದೆ ಹಿಂದೆ ಹೋದೆ. ಮೊಣಕಾಲವರೆಗೆ ಕೆಸರು. ಒಂದು ಕಾಲು ಎತ್ತಲು ಹೋದರೆ ಇನ್ನೊಂದು ಇಳಿಯುತ್ತದೆ. ಹೊಳೆ ತುಂಬುವ ಹೊತ್ತು ಬೇರೆ, ನೀರಿನ ತಣ್ಣಗಿನ ಅಂಚು ತೊಡೆಗೆ ತಾಗುತ್ತಿತ್ತು. ಕೂಗಿಕೊಂಡು, ಕುಣಿದು, ಸೊಂಟದವರೆಗೆ ಹೋಗಿಬಿಟ್ಟೆ. ಅಜ್ಜಿ ಗಾಬರಿಯಾಗಲಿಲ್ಲ. "ಒದ್ದಾಡಬೇಡ ಬಾಳಾ. ಸುಮ್ನೆ ಕೈ ಚಾಚು." ಬಾಳಾ ಅಂದರೆ ಮಗು.

ಆ ಕೈ! ಚಿಪ್ಪು ಕೊಯ್ದು ಕೊಯ್ದು ಬೆರಳ ತುಂಬ ಗೀರು, ಉಪ್ಪುನೀರಿಗೆ ಬಿರಿದ ಚರ್ಮ. ಮರದ ತೊಗಟೆ ಹಿಡಿದ ಹಾಗೆ. ಐವತ್ತು ವರ್ಷದ ಮೇಲಾಯಿತು, ಇವತ್ತೂ ಕಣ್ಣು ಮುಚ್ಚಿದರೆ ನನ್ನ ಮಣಿಕಟ್ಟಿನಲ್ಲಿ ಆ ಒರಟು ಇದೆ. ನಾನು ಏನೂ ಮಾಡಲಿಲ್ಲ. ಅವಳು ಎಳೆದಳು, ನಾನು ಬಂದೆ.

ಯೇಸುವಿನ ಶಿಷ್ಯ ಪೇತ್ರ ಅವರ ಹತ್ತಿರ ನೀರಿನ ಮೇಲೆ ನಡೆಯಲು ಹೋಗಿ ಮುಳುಗತೊಡಗಿದ್ದು ನಮಗೆಲ್ಲ ಗೊತ್ತು. ಕಡಲತೀರದವರು ಇದನ್ನು ಇನ್ನೊಂದು ಥರ ಓದಬೇಕು. ಪೇತ್ರ ಮೀನುಗಾರ. ಯೋವಾನ್ನನ ಶುಭಸಂದೇಶದ ಕೊನೆಯಲ್ಲಿ ದೋಣಿಯಿಂದ ಹಾರಿ ದಡಕ್ಕೆ ಬಂದವನು ಅವನೇ. ಈಜು ಬಾರದವನಲ್ಲ. ಆದರೂ ಆ ಬಿರುಗಾಳಿಯಲ್ಲಿ ಈಜಲು ನೋಡಲಿಲ್ಲ. ಸ್ವಾಮಿ, ಕಾಪಾಡಿ ಅಂತ ಕೂಗಿದ. ಯೇಸು ತಕ್ಷಣ ಕೈ ಚಾಚಿ ಹಿಡಿದರು. ಮೊದಲು ನಿನ್ನ ನಂಬಿಕೆ ಸರಿಮಾಡಿಕೊ, ಆಮೇಲೆ ಹಿಡಿಯುತ್ತೇನೆ ಅನ್ನಲಿಲ್ಲ. ಹಿಡಿದ ಮೇಲೆ ಬೈದರು, ಅಷ್ಟೇ.

ಕ್ಸೇವಿಯರರನ್ನೇ ನೋಡಿ. 1542ರಲ್ಲಿ ಗೋವಾಕ್ಕೆ ಬಂದು ಹತ್ತು ವರ್ಷ ಶುಭಸಂದೇಶ ಸಾರುತ್ತಾ ಊರೂರು ಅಲೆದರು. ಕೊನೆಯ ಆಸೆ ಚೀನಾ. 1552ರ ಡಿಸೆಂಬರ್ 3ರಂದು, ಚೀನಾದ ಕರಾವಳಿಗೆ ಹತ್ತಿರದ ಒಂದು ದ್ವೀಪದಲ್ಲಿ, ದಾಟಿಸುವ ದೋಣಿ ಬಾರದೆ, ಜ್ವರದಲ್ಲಿ ತೀರಿಕೊಂಡರು. ವಯಸ್ಸು 46. ಸಾಧನೆಯ ಲೆಕ್ಕದಲ್ಲಿ ಆ ಪ್ರಯಾಣ ಸೋಲು. ನಾವು ಹಬ್ಬ ಮಾಡುವುದು ಆ ದಿನವೇ ಅಲ್ವಾ?

ಹರಕೆ ಬೇಡ, ನಡಿಗೆ ಬೇಡ ಅಂತ ನಾನು ಹೇಳುತ್ತಿಲ್ಲ. ಅಜ್ಜಿಯೂ ಉಪವಾಸ ಮಾಡುತ್ತಿದ್ದಳು, ಯಾರಿಗೂ ಗೊತ್ತಾಗದ ಹಾಗೆ. ಈಗ ನಮ್ಮ ಮಕ್ಕಳು ಎಷ್ಟು ಕಿಲೋಮೀಟರ್ ನಡೆದೆವು ಅಂತ ವಾಟ್ಸಾಪ್ ಸ್ಟೇಟಸ್ ಹಾಕುವುದು ಜಾಸ್ತಿಯಾಗಿದೆ. ನೋಡಿದರೆ ಸಂಕಟವಾಗುತ್ತದೆ. ಅವರಿಗೆ ಇದನ್ನು ಕಲಿಸಿದವರು ನಾವೇ, ನೋಟ್‌ಬುಕ್ ಇಟ್ಟವರು. ಕ್ರಿಸ್ತ ಶಿಲುಬೆಯ ಮೇಲೆ ಎಲ್ಲ ನೆರವೇರಿತು ಅಂದ ಮೇಲೆ, ನಾವು ಬಾಕಿ ತೀರಿಸುತ್ತೇವೆ ಅಂತ ಹೊರಡುವುದು ಎಂಥ ಅಹಂಕಾರ. ಪ್ರೀತಿ ಬಂದು ನಡೆಯುವುದು ಬೇರೆ, ಕೂಲಿ ಕೇಳಲು ನಡೆಯುವುದು ಬೇರೆ. ಕೊನೆಗಾಲದಲ್ಲಿ ಅಜ್ಜಿಗೆ ಜಪಮಾಲೆ ಮುಗಿಸಲು ಆಗುತ್ತಿರಲಿಲ್ಲ. ಮೂರನೇ ಮಣಿಗೇ ಕಣ್ಣು ಮುಚ್ಚಿಹೋಗುತ್ತಿತ್ತು. ಎಬ್ಬಿಸಿದರೆ ನಗುತ್ತಿದ್ದಳು. ಉಳಿದದ್ದು ಅವನು ಹೇಳಿಕೊಳ್ತಾನೆ ಅನ್ನುತ್ತಿದ್ದಳು.

ಸಾಲು ಮುಂದೆ ಸರಿಯಿತು. ಫಾದರ್ ಎದುರಿಗೆ ಬಂದರು. ಎರಡೂ ಅಂಗೈ ಸೇರಿಸಿ ಚಾಚಿದೆ. ಹೆಬ್ಬೆರಳಿಗೆ ಮೇಣ ಅಂಟಿಕೊಂಡಿತ್ತು. ಅಂಗೈಯಲ್ಲಿ ಏನೂ ಇರಲಿಲ್ಲ.

"ಕ್ರಿಸ್ತರ ಶರೀರ" ಅಂದರು.

"ಆಮೆನ್" ಅಂದೆ.