ಮಾಗೊಮೆಯಿಂದ ತ್ಸುಮಾಗೊಗೆ, ಎರಡನೆಯ ಸಲ

ಜಪಾನಿನ ಕಿಸೊ ಕಣಿವೆಗೆ ಮೊದಲ ಸಲ ಹೋದದ್ದು ಒಂದು ನವೆಂಬರಿನಲ್ಲಿ. ಮಾಗೊಮೆ ಮತ್ತು ತ್ಸುಮಾಗೊ ಎಂಬ ಎರಡು ಹಳೆಯ ಊರುಗಳನ್ನು ಒಂದೇ ಹಗಲಿನಲ್ಲಿ ನೋಡಿ ಮುಗಿಸುವ ಆತುರದಲ್ಲಿದ್ದೆವು. ಸಂಜೆಯ ಕೊನೆಯ ಬಸ್ಸು ತಪ್ಪಿಹೋಗಿ, ಕತ್ತಲಾಗುತ್ತಿದ್ದ ರಸ್ತೆಯಲ್ಲಿ ರೈಲು ನಿಲ್ದಾಣದವರೆಗೆ ನಡೆಯಬೇಕಾಯಿತು. ಈಚೆಗೆ ಮೇ ತಿಂಗಳಿನಲ್ಲಿ ಅದೇ ದಾರಿಯನ್ನು ಮತ್ತೆ ನಡೆದು ತ್ಸುಮಾಗೊದಲ್ಲಿ ಒಂದು ರಾತ್ರಿ ಉಳಿದ ಮೇಲೆ, ಮೊದಲ ಸಲ ಊರನ್ನು ಅರ್ಧವಷ್ಟೇ ಕಂಡಿದ್ದೆವೆಂದು ತಿಳಿಯಿತು. ಹೋಗುವ ಯೋಚನೆಯಿರುವವರಿಗೆ ನನ್ನ ಮೊದಲ ಸಲಹೆ ಇದೇ: ಒಂದು ರಾತ್ರಿ ತಂಗಿರಿ.

ನಗೋಯಾದಿಂದ ಶಿನಾನೊ ಎಕ್ಸ್‌ಪ್ರೆಸ್ಸಿನಲ್ಲಿ ನಕತ್ಸುಗಾವ ನಿಲ್ದಾಣಕ್ಕೆ ಸುಮಾರು 50 ನಿಮಿಷ. ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯೊಳಗೆ ಮಾಗೊಮೆ ತಲುಪಬಹುದು. ರೈಲ್ವೆ ಪಾಸು ಈ ಬಸ್ಸಿಗೆ ನಡೆಯುವುದಿಲ್ಲ, ಆದ್ದರಿಂದ ಚಿಲ್ಲರೆ ಯೆನ್ ಕೈಯಲ್ಲಿರಲಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಸಾಲು ರಜೆಗಳಲ್ಲಿ ಜಪಾನಿಯರೇ ಕಿಕ್ಕಿರಿದು ಬರುತ್ತಾರೆ. ಆ ವಾರ ಕಳೆದ ಮೇಲೆ ಹೋಗುವುದು ಒಳ್ಳೆಯದು.

ಎದೊ (ಇಂದಿನ ಟೋಕಿಯೊ) ಮತ್ತು ಕ್ಯೋಟೊ ನಡುವಿನ ಹಳೆಯ ನಕಸೆಂದೊ ಹೆದ್ದಾರಿಯ 69 ತಂಗುದಾಣಗಳಲ್ಲಿ ತ್ಸುಮಾಗೊ 42ನೆಯದು, ಮಾಗೊಮೆ 43ನೆಯದು. ಇವೆರಡರ ನಡುವಿನ ಕಾಲುದಾರಿ ಸುಮಾರು 8 ಕಿಲೋಮೀಟರ್, ನಿಧಾನವಾಗಿ ನಡೆದರೆ ಮೂರು ಗಂಟೆ. ಮಾಗೊಮೆ ಎತ್ತರದಲ್ಲಿರುವುದರಿಂದ ಅಲ್ಲಿಂದಲೇ ಹೊರಟರೆ 790 ಮೀಟರ್ ಎತ್ತರದ ಕಣಿವೆಮಾರ್ಗದವರೆಗೆ ಮಾತ್ರ ಏರು, ಮುಂದೆಲ್ಲ ಇಳಿಜಾರು. ಚಳಿಗಾಲ ಬಿಟ್ಟು ಉಳಿದ ದಿನಗಳಲ್ಲಿ, ಬೆಳಿಗ್ಗೆ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಕೊಟ್ಟ ಸಾಮಾನನ್ನು ಶುಲ್ಕ ಪಡೆದು ಮುಂದಿನ ಊರಿಗೆ ತಲುಪಿಸುವ ವ್ಯವಸ್ಥೆಯಿದೆ. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ದಾರಿಯುದ್ದಕ್ಕೂ ಕರಡಿಗಳನ್ನು ದೂರವಿಡಲು ಗಂಟೆಗಳನ್ನು ತೂಗುಹಾಕಿದ್ದಾರೆ. ಒಂದನ್ನೂ ಬಿಡದೆ ಬಾರಿಸಿ. ಅದು ಆಟಕ್ಕೆ ಇಟ್ಟದ್ದಲ್ಲ.

ಕಣಿವೆಮಾರ್ಗ ದಾಟಿದ ಮೇಲೆ ಇಚಿಕೊಕುತೊಚಿ ಎಂಬಲ್ಲಿ ಹಳೆಯ ವಿಶ್ರಾಂತಿ ಮನೆಯೊಂದಿದೆ. ಒಳಗೆ ನೆಲದೊಲೆಯ ಮೇಲೆ ಕೆಟಲ್ ತೂಗುತ್ತಿತ್ತು. ಹಿರಿಯರೊಬ್ಬರು ಬಿಸಿ ಚಹಾ ಕೊಟ್ಟು, ಉಪ್ಪಿನಲ್ಲಿಟ್ಟ ತರಕಾರಿಯ ತಟ್ಟೆಯನ್ನು ಎರಡೂ ಕೈಗಳಿಂದ ಮುಂದೆ ಸರಿಸಿದರು. ಅಲ್ಲಿ ಚಹಾಕ್ಕೆ ಬೆಲೆ ಕೇಳುವುದಿಲ್ಲ. ಕಾಣಿಕೆ ಪೆಟ್ಟಿಗೆಯಲ್ಲಿ ತೋಚಿದಷ್ಟು ಹಾಕಿ ಬರಬೇಕು.

ಮಾಗೊಮೆಯ ಮನೆಗಳು ಬಹುಪಾಲು 1895 ಮತ್ತು 1915ರ ಬೆಂಕಿಯ ನಂತರ ಕಟ್ಟಿದವು. ತ್ಸುಮಾಗೊದ ಕಥೆ ಬೇರೆ. ರೈಲೂ ಹೊಸ ರಸ್ತೆಯೂ ಊರನ್ನು ಬಿಟ್ಟು ಹೋದಾಗ ಬಡವಾಗಿ ಖಾಲಿಯಾಗುತ್ತಿದ್ದ ಊರಿನವರು 1968ರಲ್ಲಿ ಮನೆಗಳ ದುರಸ್ತಿಗೆ ಕೈಹಾಕಿದರು. ಮನೆಯನ್ನು ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು ಎಂದು ತಾವೇ ಕಟ್ಟಳೆ ಮಾಡಿಕೊಂಡರು. 1976ರಲ್ಲಿ ಸರ್ಕಾರ ಅದನ್ನು ರಕ್ಷಿತ ಪ್ರದೇಶವೆಂದು ಘೋಷಿಸಿತು. ಮುಖ್ಯ ಬೀದಿಯಲ್ಲಿ ವಿದ್ಯುತ್ ತಂತಿ ಕಾಣುವುದಿಲ್ಲ. 1877ರಲ್ಲಿ ಹಿನೋಕಿ ಮರದಿಂದ ಕಟ್ಟಿದ ವಾಕಿಹೊಂಜಿನ್ (ಗಣ್ಯ ಪ್ರಯಾಣಿಕರಿಗಾಗಿದ್ದ ಎರಡನೆಯ ತಂಗುಮನೆ) ಒಕುಯಾಕ್ಕೆ ಕನಿಷ್ಠ ಒಂದು ಗಂಟೆ ಮೀಸಲಿಡಿ. ಅಲ್ಲಿನ ಒಲೆಯ ಹೊಗೆ ಹಿಡಿದು ಕಪ್ಪಾದ ತೊಲೆಗಳು ಎಣ್ಣೆ ಸವರಿದಂತೆ ಮಿನುಗುತ್ತವೆ.

ಸಸ್ಯಾಹಾರಿಗಳು ಒಂದು ವಿಷಯ ಗಮನಿಸಬೇಕು. ಸೊಬಾ ಎಂಬ ಹುರುಳಿಗೋಧಿ (ಬಕ್‌ವೀಟ್) ನೂಡಲ್ಸಿನ ಸಾರಿನಲ್ಲಿ ಸಾಮಾನ್ಯವಾಗಿ ಮೀನಿನ ಅಂಶ ಇರುತ್ತದೆ. ಅನ್ನವನ್ನು ಅರೆದು ಕಡ್ಡಿಗೆ ಮೆತ್ತಿ, ಅಕ್ರೋಟು ಮತ್ತು ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಬೆರೆಸಿದ ಗೊಜ್ಜು ಹಚ್ಚಿ ಕೆಂಡದ ಮೇಲೆ ಸುಡುವ ಗೊಹೆಯಿ ಮೊಚಿ ಹಸಿವಿಗೆ ಒದಗುತ್ತದೆ. ಅದರ ಗೊಜ್ಜಿನಲ್ಲಿ ಏನಿದೆಯೆಂದೂ ಒಮ್ಮೆ ಕೇಳಿ. ತಂಗುವ ಮನೆಗೆ ಕೋಣೆ ಕಾಯ್ದಿರಿಸುವಾಗಲೇ ಸಸ್ಯಾಹಾರಿಗಳೆಂದು ಜಪಾನಿ ಭಾಷೆಯಲ್ಲಿ ಬರೆಸಿ ತಿಳಿಸುವುದು ಕ್ಷೇಮ. ಬಂದ ಮೇಲೆ ಹೇಳಿದರೆ ಅಡುಗೆ ಬದಲಿಸಲಾಗದೆ ಅವರು ನೊಂದುಕೊಳ್ಳುತ್ತಾರೆ.

ಸಂಜೆ ಐದರ ಹೊತ್ತಿಗೆ ಅಂಗಡಿಗಳ ಮರದ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು, ಹಗಲಿನ ಪ್ರವಾಸಿಗರೂ ಹೊರಟುಹೋದರು. ಆಮೇಲೆ ಬೀದಿಯಲ್ಲಿ ಕೇಳಿದ್ದು ಹರಿವ ನೀರಿನ ಸದ್ದು ಮತ್ತು ನಮ್ಮ ಹೆಜ್ಜೆ ಮಾತ್ರ. ಮೇ ತಿಂಗಳಾದರೂ ರಾತ್ರಿ ಚಳಿಯಿರುತ್ತದೆ, ಸ್ವೆಟರ್ ಬೇಕು.

ಮರುದಿನ ನಗಿಸೊ ನಿಲ್ದಾಣಕ್ಕೆ ಬಸ್ಸಿನಲ್ಲಿ ಹತ್ತು ನಿಮಿಷ, ನಡೆದರೆ ಒಂದು ಗಂಟೆ. ರೈಲಿಗೆ ಸಮಯವಿದ್ದರೆ ಹತ್ತಿರದಲ್ಲೇ ಕಿಸೊ ನದಿಗೆ 1922ರಲ್ಲಿ ಕಟ್ಟಿದ, 247 ಮೀಟರ್ ಉದ್ದದ ಮೊಮೊಸುಕೆ ತೂಗುಸೇತುವೆಯನ್ನು ದಾಟಿ ಬನ್ನಿ. ಮೊದಲ ಸಲ ಆತುರದಲ್ಲಿ ನಮಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ.