ಹೆಸರಿಗೆ ಫ್ರೀಲಾನ್ಸರ್, ನಡೆಯುವುದು ನೌಕರಿ

ಬೆಂಗಳೂರಿನಿಂದ ಊರಿಗೆ ಮರಳಿ ಮಡಿಕೇರಿ, ವಿರಾಜಪೇಟೆಗಳ ಮನೆಯಿಂದಲೇ ದುಡಿಯುತ್ತಿರುವ ಪರಿಚಿತರು ತಮ್ಮ ಕರಾರುಪತ್ರಗಳನ್ನು ಸಹಿಗೆ ಮುನ್ನ ನನಗೆ ತೋರಿಸುವುದುಂಟು. ಮೊದಲ ಪುಟದಲ್ಲಿ ‘ಇದು ಉದ್ಯೋಗವಲ್ಲ, ಸ್ವತಂತ್ರ ಸೇವೆ’ ಎಂಬ ಘೋಷಣೆ ಇರುತ್ತದೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಬೆಳಿಗ್ಗೆ 9.30ರಿಂದ ಸಂಜೆ 6.30ರವರೆಗೆ ಆನ್‌ಲೈನ್‌ನಲ್ಲಿರಬೇಕು, ರಜೆಗೆ ಮ್ಯಾನೇಜರರ ಅನುಮತಿ ಪಡೆಯಬೇಕು, ಬೇರೆಯವರ ಕೆಲಸ ಒಪ್ಪಿಕೊಳ್ಳಬಾರದು ಎಂಬ ಷರತ್ತುಗಳು ಸಾಲುಗಟ್ಟಿರುತ್ತವೆ. ನೌಕರಿಯ ಕಟ್ಟುಪಾಡುಗಳೆಲ್ಲ ಉಂಟು, ಭವಿಷ್ಯ ನಿಧಿ, ಗ್ರಾಚ್ಯುಟಿ ಮಾತ್ರ ಇಲ್ಲ.

ನ್ಯಾಯಾಲಯಗಳು ಆ ಮೊದಲ ಪುಟವನ್ನಷ್ಟೇ ಓದಿ ಸುಮ್ಮನಾಗುವುದಿಲ್ಲ. 1957ರಲ್ಲಿ ವರದಿಯಾದ ಧ್ರಾಂಗಧ್ರ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ಉಪ್ಪು ತಯಾರಿಸುವ ಅಗರಿಯಾಗಳಿಗೆ ಹಣ ಸಿಗುತ್ತಿದ್ದುದು ಉಪ್ಪಿನ ತೂಕಕ್ಕೆ ತಕ್ಕಂತೆ, ಕೂಲಿಯಾಳುಗಳನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ಅವರಿಗಿತ್ತು. ಆದರೂ ಕೆಲಸದ ಹಂತಹಂತದಲ್ಲೂ ಕಂಪನಿಯ ಹತೋಟಿ ಇದ್ದುದರಿಂದ ಸುಪ್ರೀಂ ಕೋರ್ಟ್ ಅವರನ್ನು ಕಾರ್ಮಿಕರೆಂದೇ ಎಣಿಸಿತು. ಬ್ರಿಟನ್ನಿನ 2011ರ ಆಟೋಕ್ಲೆನ್ಜ್ ತೀರ್ಪೂ ಇದೇ ದಾರಿಯದು: ಕಾರು ಶುಚಿಗೊಳಿಸುವವರು ಬದಲಿ ಆಳನ್ನು ಕಳುಹಿಸಬಹುದೆಂದು ಕರಾರಿನಲ್ಲಿ ಬರೆದಿದ್ದರೂ, ವಾಸ್ತವದಲ್ಲಿ ನಡೆಯುತ್ತಿದ್ದುದೇ ಬೇರೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಕಂಡುಕೊಂಡಿತು. ಆದ್ದರಿಂದ ಬದಲಿಯ ಷರತ್ತೊಂದನ್ನೇ ನೆಚ್ಚಿಕೊಂಡ ಮಾದರಿ ಕರಾರುಗಳ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ವೃತ್ತಿಪರ ಶುಲ್ಕವೆಂದು ಶೇ 10ರಷ್ಟು ಟಿಡಿಎಸ್ (ಪಾವತಿಸುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತವಾಗುತ್ತಿದೆ ಎಂಬುದೂ ಸ್ವತಂತ್ರ ವೃತ್ತಿಗೆ ಖಾತರಿಯಾಗದು.

ಸ್ವತಂತ್ರ ಕೆಲಸ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಕಾಫಿ ತೋಟಗಳ ಮರ ಕಪಾತಿನ (ನೆರಳಿನ ಮರಗಳ ಕೊಂಬೆ ಸವರುವ) ಗುತ್ತಿಗೆಯನ್ನೇ ನೋಡಿ. ಇಷ್ಟು ಎಕರೆ, ಇಷ್ಟು ದರ, ಮಳೆ ಹಿಡಿಯುವ ಮುನ್ನ ಮುಗಿಯಬೇಕು ಎಂದು ಮಾತಾದ ಮೇಲೆ ಏಣಿ, ಹಗ್ಗ, ಕತ್ತಿ, ಆಳು ಎಲ್ಲವೂ ಗುತ್ತಿಗೆದಾರನ ಹೊಣೆ. ಅವನ ಹೆಸರು ತೋಟದ ಹಾಜರಿ ಪುಸ್ತಕಕ್ಕೆ ಏರುವುದಿಲ್ಲ.

ಇತ್ತೀಚೆಗೆ ಪರಿಚಯದ ವಿನ್ಯಾಸಕಿಯೊಬ್ಬರ ಕರಾರಿನಲ್ಲಿ ‘ತಿಂಗಳಿಗೆ ನಿಗದಿತ ಮೊತ್ತ’ ಎಂದಿದ್ದುದನ್ನು ‘ಆರು ಪುಟಗಳ ವಿನ್ಯಾಸಕ್ಕೆ, ಎರಡು ಸುತ್ತಿನ ತಿದ್ದುಪಡಿಯೂ ಸೇರಿ, ಇಷ್ಟು ಶುಲ್ಕ, ಬಿಲ್ಲು ಕೊಟ್ಟ 15 ದಿನಗಳೊಳಗೆ ಪಾವತಿ’ ಎಂದು ಬದಲಿಸಿದೆವು. ಆನ್‌ಲೈನ್ ಹಾಜರಿಯ ಸಾಲು ಹೋಗಿ ಅದರ ಜಾಗಕ್ಕೆ ವಾರಕ್ಕೊಂದು ಕರೆ ಬಂತು (ಆಷಾಢದ ಮಳೆಗೆ ಹೋದ ಕರೆಂಟು ಯಾವಾಗ ಬರುತ್ತದೋ ತಿಳಿಯದ ಊರಿನಲ್ಲಿ ಆ ಸಾಲನ್ನು ಪಾಲಿಸುವುದೂ ಸುಲಭವಿರಲಿಲ್ಲ). ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಅವರದೇ. ತಮ್ಮಿಂದಾದ ದೋಷವನ್ನು ಸ್ವಂತ ಖರ್ಚಿನಲ್ಲಿ ಸರಿಪಡಿಸುವ ಹೊಣೆಯೂ ಅವರದೇ, ಏಕೆಂದರೆ ನಷ್ಟದ ಭಯವೇ ಇಲ್ಲದವರನ್ನು ಸ್ವತಂತ್ರ ವೃತ್ತಿಯವರೆಂದು ವಾದಿಸುವುದು ಕಷ್ಟ. ಬೇರೆ ಗ್ರಾಹಕರನ್ನು ನಿಷೇಧಿಸುವ ಷರತ್ತನ್ನು ಗೋಪ್ಯತೆಯ ಷರತ್ತಿಗೆ ಇಳಿಸಲು ಮಾತ್ರ ಬಹಳ ಚರ್ಚೆ ನಡೆಯಿತು.

ಇಷ್ಟಾದರೂ ಸಹಿಯಾದ ಮರುವಾರವೇ ಹಾಜರಿ ಆ್ಯಪ್, ರಜೆಯ ಅರ್ಜಿ ಎಂದು ಆರಂಭವಾದರೆ ತಿದ್ದಿದ ಸಾಲುಗಳಿಗೆ ಬೆಲೆಯಿಲ್ಲ. ಮುಂದೆ ವ್ಯಾಜ್ಯವಾದಾಗ ಹಾಜರಿ, ರಜೆಯ ಬಗೆಗಿನ ಇಮೇಲ್‌ಗಳೇ ಸಾಕ್ಷಿಯಾಗಿ ಬರುತ್ತವೆ. ವೇಳೆಯ ಮೇಲಿನ ಹಿಡಿತವನ್ನು ಬಿಟ್ಟುಕೊಡಲು ಕಂಪನಿ ಒಪ್ಪದಿದ್ದರೆ ನಿಗದಿತ ಅವಧಿಯ ನೇಮಕಾತಿ ಪತ್ರವನ್ನೇ ಕೇಳುವುದು ಸರಿ. ಆಗ ಮೊತ್ತದ ಮಾತುಕತೆಯನ್ನೂ ಹೊಸದಾಗಿ ನಡೆಸಬೇಕು, ಏಕೆಂದರೆ ಭವಿಷ್ಯ ನಿಧಿಗೆ ಕಂಪನಿ ಸಾಮಾನ್ಯವಾಗಿ ಕಟ್ಟುವ ಶೇ 12ರ ವಂತಿಗೆಯೂ ಲೆಕ್ಕಕ್ಕೆ ಬರುತ್ತದೆ.